ಭರತನನ್ನು ಸಾಕ್ಷಿಗೆ ಕರೆಯಬೇಡಿ

ಈಚೆಗೆ ಪುತ್ತೂರಿನ ಕಡೆಯ ಒಂದು ಶಾಲೆಯ ಬಹುಮಾನ ವಿತರಣೆಯ ಸಭೆಗೆ ನನ್ನನ್ನು ಕರೆದಿದ್ದರು. ರಾಮಾಯಣ, ಮಹಾಭಾರತ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಪದಕ ಹಂಚುವ ಸಭೆ ಅದು. ನಾನು ಬಿ.ಎ. ಮೂರನೆಯ ವರ್ಷದ ವಿದ್ಯಾರ್ಥಿ. ಸಭೆಗೆ ಶೋಭೆ ತರತಕ್ಕ ಮನುಷ್ಯನೇನೂ ಅಲ್ಲ. ಆದರೆ ಒಂಬತ್ತನೆಯ ತರಗತಿಯಲ್ಲಿದ್ದಾಗ ಅಂಥದೇ ಒಂದು ಪರೀಕ್ಷೆಯಲ್ಲಿ ನಮ್ಮ ಶಾಲೆಗೆ ಮೊದಲಿಗನಾಗಿದ್ದೆನೆಂಬ ಹಳೆಯ ಕೀರ್ತಿಯೊಂದು ನನ್ನ ಬೆನ್ನಿಗೆ ಅಂಟಿಕೊಂಡಿದೆ. "ಮಹಾಕಾವ್ಯಗಳನ್ನು ಓದಿ ನಿನ್ನ ವ್ಯಕ್ತಿತ್ವ ಹೇಗೆ ಬೆಳೆಯಿತೆಂದು ಮಕ್ಕಳಿಗೆ ಎರಡು ಮಾತು ಹೇಳು" ಎಂದರು. ನಾನು ಅಕ್ಷರಶಃ ಎರಡೇ ಮಾತು ಹೇಳಿ ಕುಳಿತೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿಕ ಮುಖ್ಯ ಅತಿಥಿಗಳು ಎದ್ದರು. ಒಳ್ಳೆಯ ಕಂಠ, ಧಾರಾಳವಾದ ಕನ್ನಡ. ಇಂದಿನ ಯುವಜನರನ್ನು ಕಾಡುವ ಎಲ್ಲ ಪ್ರಶ್ನೆಗಳಿಗೂ ಉತ್ತರ ಈ ಎರಡು ಗ್ರಂಥಗಳಲ್ಲಿ ಸಿದ್ಧವಾಗಿದೆಯೆಂದು ಅವರು ಅಪ್ಪಣೆ ಕೊಡಿಸಿದರು. ರಾಮನಂತೆ ತಂದೆಯ ಮಾತು ಕೇಳಿರಿ, ಲಕ್ಷ್ಮಣನಂತೆ ಅಣ್ಣನ ಹಿಂದೆ ನಡೆಯಿರಿ, ಭರತನಂತೆ ತ್ಯಾಗ ಮಾಡಿರಿ, ಹೆಣ್ಣುಮಕ್ಕಳೇ, ನೀವು ಸೀತೆಯಂತೆ ಸಹಿಸಿರಿ! ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ವೇದಿಕೆಯ ಮೇಲೆ ಕುಳಿತವನು ತಟ್ಟದಿದ್ದರೆ ಎದ್ದು ಕಾಣುತ್ತದೆ. ಕೇಳು, ನಡೆ, ಬಿಡು, ಸಹಿಸು. ನಾಲ್ಕು ಕ್ರಿಯಾಪದಗಳಲ್ಲಿ ವಾಲ್ಮೀಕಿಯ ಇಪ್ಪತ್ತುನಾಲ್ಕು ಸಾವಿರ ಶ್ಲೋಕಗಳು ಮುಗಿದುಹೋದುವು.

ಮೊದಲೇ ಹೇಳಿಬಿಡುತ್ತೇನೆ, ಆ ಪರೀಕ್ಷೆಗೆ ನಾನು ಕೃತಘ್ನನಲ್ಲ. ನಮ್ಮ ಮನೆ ಕಡಬದಿಂದ ಒಳಗೆ, ಕುಮಾರಧಾರೆಯ ಕಡೆಗೆ. ಮನೆಯಲ್ಲಿದ್ದ ಪುಸ್ತಕಗಳೆಂದರೆ ಒಂದು ಪಂಚಾಂಗ, ಒಂದು ಸಹಕಾರಿ ಸಂಘದ ಪಾಸುಪುಸ್ತಕ. ಶಾಲೆಯಿಂದ ತಂದ ಆ ತೆಳ್ಳನೆಯ ರಾಮಾಯಣವೇ ಪಠ್ಯವಲ್ಲದ ಮೊದಲ ಪುಸ್ತಕವಾಗಿ ನಮ್ಮ ಹೊಸ್ತಿಲು ದಾಟಿದ್ದು. ಅಪ್ಪ ಅಡಿಕೆಗೆ ಮದ್ದು ಬಿಡಿಸುವ ಗಡಿಬಿಡಿಯಲ್ಲಿದ್ದ ಮಳೆಗಾಲದಲ್ಲಿ ಅಟ್ಟದ ಮೇಲೆ ಕುಳಿತು ಅದನ್ನು ನಾಲ್ಕು ಸಲ ಓದಿದೆ. ಕಥೆಯ ಸುಖ ಸಿಕ್ಕಿತು, ಹೆಸರುಗಳ ನಾದ ಸಿಕ್ಕಿತು. ಕಾಂಡಗಳೆಷ್ಟು, ಪರ್ವಗಳೆಷ್ಟು, ಕೌರವರದು ಎಷ್ಟು ಅಕ್ಷೌಹಿಣಿ, ಪಾಂಡವರದೆಷ್ಟು ಎಂದು ಯಾರು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹನ್ನೊಂದು ಮತ್ತು ಏಳು. ಇಂದಿಗೂ ಮರೆತಿಲ್ಲ. ಪದಕ ಬಂತು, ಅಮ್ಮ ಅದನ್ನು ದೇವರ ಪಟದ ಮೊಳೆಗೇ ತೂಗಹಾಕಿದಳು.

ಆ ಪದಕ ಮಾಡಿದ ಒಂದು ಕೆಲಸವನ್ನು ಈಗ ಹೇಳಬೇಕು.

ಅಜ್ಜ ತೀರಿಕೊಂಡ ಮರುವರ್ಷ ಮನೆಯ ಪಾಲಿನ ಮಾತು ಎದ್ದಿತು. ನಮ್ಮದು ಮಕ್ಕಳಸಂತಾನದ ಮನೆತನ. ಅಜ್ಜನಿಗೆ ನಮ್ಮ ಅಪ್ಪ, ಚಿಕ್ಕಪ್ಪ ಎಂಬ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಆಕೆ ನನ್ನ ಸೋದರತ್ತೆ. ತುಳುವಿನಲ್ಲಿ ನಾವು ಮಾಮಿ ಎನ್ನುತ್ತೇವೆ. ಸುಳ್ಯ ತಾಲೂಕಿನ ಬೆಳ್ಳಾರೆಯ ಕಡೆಗೆ ಕೊಟ್ಟದ್ದು. ಗಂಡನ ಆರೋಗ್ಯ ಸರಿಯಿಲ್ಲ. ಬೀಡಿ ಕಟ್ಟಿ ಸಂಸಾರ ತೂಗಿಸಿಕೊಂಡು ಬಂದವಳು. (ಪುತ್ತೂರು ಸುಳ್ಯಗಳ ಊರುಗಳನ್ನು ತೆಗೆದು ಕಡಬವೆಂಬ ಹೊಸ ತಾಲೂಕನ್ನು ಮಾಡಿದಾಗ ಸರಕಾರಕ್ಕೂ ಇಷ್ಟು ತಲೆನೋವು ಬಂದಿರಲಾರದು, ಮನೆಯ ಪಾಲೆಂದರೆ ಬೇರೆಯೇ ಸಂಗತಿ.) ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕದಲ್ಲಿ ೧೯೯೪ರಲ್ಲಿಯೇ ಕಾನೂನು ಬಂದಿತ್ತು, ೨೦೦೫ರಲ್ಲಿ ಇಡೀ ದೇಶಕ್ಕೆ ಬಂತು. ಕಾನೂನು ಬಂದುದರಿಂದಲೇ ಆಕೆಯ ರುಜು ಬೇಕಾದದ್ದು. ಹಕ್ಕು ಬಿಡುಗಡೆಯ ಪತ್ರ ಸಿದ್ಧವಾಗಿತ್ತು. ಊರಿನ ಇಬ್ಬರು ಹಿರಿಯರನ್ನು ಕರೆದಿದ್ದರು. ಮಾಮಿ ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂದಿದ್ದಳು.

"ನನಗೆ ತೋಟ ಬೇಡ" ಎಂದಳು ಮಾಮಿ. "ಇವಳಿಗೆ ನರ್ಸಿಂಗ್ ಕಲಿಯಬೇಕೆಂದು ಆಸೆ. ಅದಕ್ಕೆ ಆಗುವಷ್ಟು ಏನಾದರೂ ಮಾಡಿದರೆ ಸಾಕು." ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ಅಪ್ಪ ಅಂಗಳದ ಕಡೆ ನೋಡಿದರು. ಆಗ ಹಿರಿಯರಲ್ಲೊಬ್ಬರು ಬಾಗಿಲ ಬಳಿ ನಿಂತಿದ್ದ ನನ್ನನ್ನು ಕಂಡು, "ಮನೆಯಲ್ಲೇ ರಾಮಾಯಣದ ಪಂಡಿತನಿದ್ದಾನಲ್ಲ! ಭರತ ಏನು ಮಾಡಿದ ಎಂದು ಅವನೇ ಹೇಳಲಿ" ಎಂದರು. ತಮಾಷೆಗೆ ಹೇಳಿದರೋ ಏನೋ. ನಾನು ಮುಂದೆ ಬಂದು ಕೈಕಟ್ಟಿ ನಿಂತು ಹೇಳಿದೆ. ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿದ್ದು ಇತ್ತು. ಕೈಗೆ ಬಂದ ಕೋಸಲ ರಾಜ್ಯವನ್ನು ಒಲ್ಲೆನೆಂದದ್ದು, ಚಿತ್ರಕೂಟಕ್ಕೆ ಹೋದದ್ದು, ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ತಂದದ್ದು, ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ಜಟಾಧಾರಿಯಾಗಿದ್ದದ್ದು. ಕೊನೆಗೆ ನನ್ನದೇ ಒಂದು ಮಾತು ಸೇರಿಸಿದೆ: "ಅವನು ರಾಜ್ಯವನ್ನೇ ಬಿಟ್ಟ. ಅದರ ಮುಂದೆ ಅರ್ಧ ಎಕರೆ ಯಾವ ಲೆಕ್ಕ, ಮಾಮಿ?"

ಎಲ್ಲರೂ ನಕ್ಕರು. ಚಿಕ್ಕಪ್ಪ ಬೆನ್ನು ತಟ್ಟಿದರು. ಮಾಮಿಯೂ ನಕ್ಕಳು, ನನ್ನ ತಲೆ ಸವರಿ, "ಚೆಂದ ಹೇಳಿದೆ ಮಗಾ" ಎಂದು ರುಜು ಹಾಕಿದಳು. ಒಂದು ಸೀರೆ, ಲಕೋಟೆಯಲ್ಲಿ ಸ್ವಲ್ಪ ಹಣ ಕೊಟ್ಟು ಕಳಿಸಿದರು. ಆಕೆಯ ಮಗಳು ಮಾತ್ರ ನಗಲಿಲ್ಲ. ಅವಳೀಗ ಪುತ್ತೂರಿನ ಒಂದು ಬಟ್ಟೆಯಂಗಡಿಯಲ್ಲಿ ಸೀರೆ ಮಡಚುತ್ತಾಳೆ. ಕಾಲೇಜಿಗೆ ಹೋಗುವ ನನ್ನ ದಾರಿ ಆ ಅಂಗಡಿಯ ಮುಂದೆಯೇ ಹೋಗುತ್ತದೆ.

ಇದು ನನ್ನ ವ್ಯಕ್ತಿತ್ವ ವಿಕಾಸದ ಕಥೆಯ ಮೊದಲ ಭಾಗ. ಇದನ್ನು ಆ ಸಭೆಯಲ್ಲಿ ಹೇಳಬಹುದಿತ್ತೆ?

ನನ್ನೊಬ್ಬನ ಮನೆಯ ಮಾತು ಇದು ಎಂದು ವಾಚಕರು ತಳ್ಳಿಹಾಕಬಾರದು. ನಮ್ಮಲ್ಲಿ ಮಹಾಕಾವ್ಯದ ಆದರ್ಶವನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನು ಒಂದು ವಾರ ಗಮನಿಸಿ ನೋಡಿ. ತಂದೆ ಮಗನಿಗೆ ರಾಮನನ್ನು ಹೇಳುತ್ತಾನೆ. ಕೊಟ್ಟ ಮಾತನ್ನು ಮರೆತು ಪಟ್ಟಕ್ಕೆ ನಿಶ್ಚಯಿಸಿ ಕೊನೆಗೆ ಎದೆಯೊಡೆದು ಸತ್ತ ದಶರಥನನ್ನು ತನಗೆ ತಾನು ಹೇಳಿಕೊಳ್ಳುವುದಿಲ್ಲ. ಅಣ್ಣ ತಮ್ಮನಿಗೆ ಲಕ್ಷ್ಮಣನನ್ನು ಹೇಳುತ್ತಾನೆ. ಗಂಡನ ಮನೆಯವರು ಸೊಸೆಗೆ ಸೀತೆಯನ್ನು ಹೇಳುತ್ತಾರೆ. ಪಾಲು ಇಟ್ಟುಕೊಂಡವನು ಪಾಲು ಕೇಳಿದವಳಿಗೆ ಭರತನನ್ನು ಹೇಳುತ್ತಾನೆ. ಮೇಲಿರುವವನು ಕೆಳಗಿರುವವನಿಗೆ ಹೇಳಿಕೊಡುವ ಪಾಠವಾಗಿ ಇವೆಲ್ಲ ಇಳಿದುಬರುತ್ತವೆಯೇ ಹೊರತು ಕೆಳಗಿನಿಂದ ಮೇಲಕ್ಕೆ ಹೋಗುವುದಿಲ್ಲ. ನಡುವೆ ಪದಕ ತೊಟ್ಟ ಹುಡುಗನೊಬ್ಬ ಸಿಕ್ಕಿದರೆ ಪಾಠ ಹೇಳುವವರಿಗೆ ಬಾಯಿ ನೋಯಿಸಿಕೊಳ್ಳುವ ತೊಂದರೆಯೂ ಇಲ್ಲ.

ಇದಕ್ಕೆ ಕಾವ್ಯವನ್ನು ದೂರಬಾರದು. ಕಾವ್ಯದಲ್ಲಿರುವುದು ಬೇರೆ. ಅಯೋಧ್ಯಾಕಾಂಡವನ್ನು ಸಂಗ್ರಹ ಬಿಟ್ಟು ಮೂಲದ ಅನುವಾದದಲ್ಲಿ ಓದಿದ ದಿನ ನಾನು ಬೆಚ್ಚಿದೆ. ರಾಮನು ತಂದೆಯ ಮಾತಿಗೆ ತಲೆಬಾಗಿದನೆಂಬುದು ಸರಿ. ಆದರೆ ಅಲ್ಲಿಯೇ ಲಕ್ಷ್ಮಣನು ಕೋಪದಿಂದ ಕುದಿದು, ಹೆಣ್ಣಿಗೆ ಸೋತ ಮುದುಕನ ಮಾತಿಗೆ ಯಾವ ಬೆಲೆ, ಬೇಕಾದರೆ ಅವನನ್ನು ಸೆರೆಯಲ್ಲಿಡುತ್ತೇನೆ, ಕೊಲ್ಲುತ್ತೇನೆ ಎನ್ನುವಷ್ಟು ದೂರ ಹೋಗುತ್ತಾನೆ. ತಾಯಿಯ ಮಾತಿಗೂ ತಂದೆಯ ಮಾತಿನಷ್ಟೇ ತೂಕವಿಲ್ಲವೆ ಎಂದು ಕೌಸಲ್ಯೆ ಕೇಳುತ್ತಾಳೆ. ಚಿತ್ರಕೂಟದಲ್ಲಿ ಜಾಬಾಲಿಯು ಪರಲೋಕವೂ ಇಲ್ಲ, ಪಿತೃಋಣವೂ ಇಲ್ಲ, ಹೋಗಿ ರಾಜ್ಯವಾಳು ಎಂದು ರಾಮನ ಮುಖಕ್ಕೇ ವಾದಿಸುತ್ತಾನೆ. ಇದೆಲ್ಲವನ್ನೂ ಕೇಳಿದ ಮೇಲೆ ರಾಮನು ನಿರ್ಧರಿಸುವುದು. ಸುತ್ತಣ ವಾದಗಳನ್ನೆಲ್ಲ ಕಿತ್ತುಹಾಕಿ "ತಂದೆಯ ಮಾತು ಕೇಳಿದ" ಎಂಬ ಒಂದು ವಾಕ್ಯವನ್ನು ಮಕ್ಕಳ ಕೈಗೆ ಕೊಟ್ಟರೆ ರಾಮನ ಕಷ್ಟವೇ ಕಾಣದೆ ಹೋಗುತ್ತದೆ. ಕಷ್ಟ ಕಾಣದಲ್ಲಿ ಹಿರಿಮೆ ಎಲ್ಲಿಂದ ಕಾಣಬೇಕು?

ಮಹಾಭಾರತವಂತೂ ಇನ್ನೂ ಒರಟು. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ್ದು ಒಂದೇ ಪ್ರಶ್ನೆ: ರಾಜನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಭೀಷ್ಮನಂಥವನು ಧರ್ಮ ಬಲು ಸೂಕ್ಷ್ಮವೆಂದು ನುಣುಚಿಕೊಂಡನು. ಕೌರವರಲ್ಲೊಬ್ಬ ಹುಡುಗ ವಿಕರ್ಣ ಮಾತ್ರ ಎದ್ದು ನಿಂತು ಇದು ಅನ್ಯಾಯವೆಂದನು. ನಮ್ಮ ಪ್ರಶ್ನಪತ್ರಿಕೆಯಲ್ಲಿ ದ್ರೌಪದಿಯ ತಂದೆ ಯಾರೆಂಬುದಕ್ಕೆ ನಾಲ್ಕು ಆಯ್ಕೆಗಳಿದ್ದುವು. ಆಕೆಯ ಪ್ರಶ್ನೆ ಇರಲಿಲ್ಲ. ಇರಬೇಕಾದರೆ ಅದಕ್ಕೆ ಕೆಳಗೆ ನಾಲ್ಕು ಆಯ್ಕೆಗಳನ್ನು ಕೊಡಬೇಕಲ್ಲ. ಕೊಡಬಲ್ಲವನು ವ್ಯಾಸನ ಕಾಲದಲ್ಲಿಯೂ ಇರಲಿಲ್ಲ.

ಇನ್ನೊಂದು ಸಣ್ಣ ಮಾತು. ಈ ಪರೀಕ್ಷೆಗಳಲ್ಲಿ ಮುಸಲ್ಮಾನರ ಮನೆಯ ಮಗುವೊಂದು ಮೊದಲ ಸ್ಥಾನ ಪಡೆದರೆ ಪತ್ರಿಕೆಗಳು ಭಾವಚಿತ್ರ ಹಾಕಿ ಕೊಂಡಾಡುತ್ತವೆ. ಕೊಂಡಾಡಲಿ. ಆದರೆ ಆ ವರದಿಗಳಲ್ಲಿ ಮಗುವಿನ ಹೆಸರಿರುತ್ತದೆ, ಅಂಕವಿರುತ್ತದೆ, ಹಿರಿಯರ ಸಂತೋಷವಿರುತ್ತದೆ. ಓದಿದ ಕಥೆಯ ಬಗ್ಗೆ ಅದಕ್ಕೇನು ಅನ್ನಿಸಿತೆಂಬ ಒಂದು ಸಾಲು ನನ್ನ ಕಣ್ಣಿಗೆ ಬಿದ್ದದ್ದಿಲ್ಲ. ಹಿಂದೂ ಮನೆಯ ನನ್ನನ್ನೂ ಯಾರೂ ಕೇಳಿರಲಿಲ್ಲ ಎಂಬುದನ್ನು ನೆನೆದರೆ, ಈ ವಿಷಯದಲ್ಲಿಯಾದರೂ ನಮ್ಮಲ್ಲಿ ಭೇದಭಾವವಿಲ್ಲ ಎನ್ನಬೇಕು.

ನನಗೆ ಕಣ್ಣು ತೆರೆಸಿದ್ದು ಯಾವ ಪುಸ್ತಕವೂ ಅಲ್ಲ. ಕಾಲೇಜಿಗೆಂದು ಪುತ್ತೂರಿಗೆ ಬಂದ ಮೊದಲ ಮಳೆಗಾಲದಲ್ಲಿ ಗೆಳೆಯನೊಬ್ಬ ನನ್ನನ್ನು ತಾಳಮದ್ದಳೆಯ ಕೂಟಕ್ಕೆ ಎಳೆದುಕೊಂಡು ಹೋದ. ಬೆಂಗಳೂರು ಮೈಸೂರುಗಳ ವಾಚಕರಿಗೆ ಒಂದು ವಿವರಣೆ ಬೇಕಾದೀತು. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಗೆಜ್ಜೆ ಬಿಚ್ಚಿದ ಮೇಲೆ, ದೀಪಾವಳಿಯವರೆಗೆ ನಮ್ಮಲ್ಲಿ ಕೂತು ಆಡುವ ಆಟ ಅದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎರಡು ಬದಿಗಳಲ್ಲಿ ಪಂಚೆ ಶಾಲು ಹೊದ್ದು ಕುಳಿತ ಅರ್ಥಧಾರಿಗಳು ಆಯಾ ಪಾತ್ರವಾಗಿ ಆ ಪದ್ಯಕ್ಕೆ ಮಾತು ಬೆಳೆಸುತ್ತಾರೆ. ಬರೆದುಕೊಂಡು ಬಂದದ್ದು ಏನೂ ಇಲ್ಲ. ಎದುರಿನವನು ಎಲ್ಲಿಂದ ಪ್ರಶ್ನೆ ಎಸೆಯುತ್ತಾನೆಂದು ಇವನಿಗೆ ತಿಳಿಯದು. ವಾಲಿ ಬಿದ್ದಲ್ಲಿಂದಲೇ ರಾಮನನ್ನು ಕೇಳುತ್ತಾನೆ. ರಾಮನಾದವನು ಉತ್ತರ ಕೊಡಲೇಬೇಕು. "ದೇವರು ಮಾಡಿದ್ದು, ಸರಿಯೇ" ಎಂದು ಹೇಳಿ ಪಾರಾಗುವಂತಿಲ್ಲ. ಹಾಗೆಂದರೆ ಚಾಪೆಯ ಮೇಲೆ ಕುಳಿತ ಅಜ್ಜಂದಿರೇ ನಗುತ್ತಾರೆ.

ಶೇಣಿ ಗೋಪಾಲಕೃಷ್ಣ ಭಟ್ಟರು ೨೦೦೬ರಲ್ಲಿ ತೀರಿಕೊಂಡರು. ಅವರ ವಾಲಿಯನ್ನು, ಅವರ ರಾವಣನನ್ನು ಧ್ವನಿಸುರುಳಿಯಲ್ಲಿ ಕೇಳಿ ಬೆಳೆದವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ಕೇಳಿದವರಾರೂ ರಾವಣಭಕ್ತರಾಗಲಿಲ್ಲ, ರಾಮನವಮಿಯ ಪಾನಕ ಕುಡಿದೇ ಮನೆಗೆ ಹೋದರು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಕೃಷಿಕರು, ದೊಡ್ಡ ಅರ್ಥಧಾರಿಗಳು. ರಾಮಾಯಣ ಮಹಾಭಾರತಗಳ ಕಥೆಯನ್ನು ಭಕ್ತಿಯಿಂದ ಗದ್ಯದಲ್ಲಿ ಬರೆದ ಅವರೇ "ಕುರುಕ್ಷೇತ್ರಕ್ಕೊಂದು ಆಯೋಗ"ವನ್ನೂ ಬರೆದರು. ಮಹಾಯುದ್ಧಕ್ಕೆ ತನಿಖೆಯ ಆಯೋಗ! ಭಕ್ತಿಯೂ ಪಾಟೀಸವಾಲೂ ಒಂದೇ ಎದೆಯಲ್ಲಿ ಇರಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ. ಇಂಥವರ ಊರಿನ ಮಕ್ಕಳಿಗೆ ನಾವು ಇಂದು ಸರಿ ಉತ್ತರಕ್ಕೆ ಗುರುತು ಹಾಕುವುದನ್ನು ಕಲಿಸುತ್ತಿದ್ದೇವೆ.

ಎರಡು ವರ್ಷ ಕೇಳಿದ ಮೇಲೆ ನನಗೂ ಕೂಟದಲ್ಲಿ ಸಣ್ಣಪುಟ್ಟ ಅರ್ಥಗಳನ್ನು ಕೊಡತೊಡಗಿದರು. ಕಳೆದ ಆಟಿಯಲ್ಲಿ "ಪಾದುಕಾ ಪ್ರದಾನ". ನನಗೆ ಭರತ. ಕೇಳಬೇಕೆ! ಒಂಬತ್ತನೆಯ ತರಗತಿಯಿಂದ ನಾಲಗೆಯ ಮೇಲಿದ್ದ ಪಾತ್ರ. ರಾಮನ ಅರ್ಥಕ್ಕೆ ನಿವೃತ್ತ ಮಾಸ್ತರರೊಬ್ಬರು. ನಾನು ಗಂಟಲು ತುಂಬಿಸಿಕೊಂಡು ಪೀಠಿಕೆ ಹಾಕಿದೆ; ಈ ರಾಜ್ಯ ನನಗೆ ಬೇಡ, ನೀನು ಮರಳಿ ಬಂದು ಪಟ್ಟವೇರು ಎಂದು ಬೇಡಿದೆ. ನಾಲ್ಕು ಜನ ಕಣ್ಣೊರಸಿಕೊಂಡರೆಂದೂ ನನಗೆ ಅನ್ನಿಸಿತು. ಮಾಸ್ತರರು ಕನ್ನಡಕ ತೆಗೆದು ಒರಸಿ ಹಾಕಿಕೊಂಡು ಮೆಲ್ಲಗೆ ಕೇಳಿದರು:

"ತಮ್ಮಾ ಭರತಾ, ನಿನ್ನ ಕೈಗೆ ಬಂದದ್ದನ್ನು ನೀನು ಬಿಡುತ್ತೇನೆಂದರೆ ನಾನು ಮೆಚ್ಚುತ್ತೇನೆ. ಆದರೆ ಹದಿನಾಲ್ಕು ವರ್ಷದ ವನವಾಸ ನನ್ನದು. ಅದನ್ನು ನಾನು ಬಿಡಬೇಕೆಂದು ಹೇಳುವುದಕ್ಕೆ ನೀನು ಯಾರು? ಬಿಡುವವನು ತನ್ನದನ್ನು ಬಿಡಲಿ. ಇನ್ನೊಬ್ಬರದನ್ನು ಬಿಡಿಸುವುದಕ್ಕೆ ತ್ಯಾಗವೆಂದು ಹೆಸರಿಟ್ಟದ್ದು ಯಾವ ಶಾಸ್ತ್ರದಲ್ಲಿ, ಹೇಳು ನೋಡೋಣ."

ಇದಕ್ಕೆ ಉತ್ತರವಿಲ್ಲದಿಲ್ಲ. ನುರಿತ ಅರ್ಥಧಾರಿ ಹತ್ತು ಉತ್ತರ ಕೊಟ್ಟಾನು. ನನಗೆ ಒಂದೂ ಹೊಳೆಯಲಿಲ್ಲ. ನನ್ನ ಕಣ್ಣ ಮುಂದೆ ನಮ್ಮ ಚಾವಡಿ ಬಂದು ನಿಂತಿತು. ಮಾಮಿ ತಲೆ ಸವರಿದ ಕೈ, ಬೀಡಿಯ ಎಲೆ ಕತ್ತರಿಸಿ ಕತ್ತರಿಸಿ ತುದಿ ಸವೆದ ಆ ಬೆರಳುಗಳು. ಭರತನು ಬಿಟ್ಟದ್ದು ತನಗೆ ಬಂದದ್ದನ್ನು. ಆ ದಿನ ಚಾವಡಿಯಲ್ಲಿ ರಾಜ್ಯ ಬಂದಿದ್ದವರು ಇಬ್ಬರು, ಅಪ್ಪ ಮತ್ತು ಚಿಕ್ಕಪ್ಪ. ಭರತನ ಕಥೆಯನ್ನು ಹೇಳಬೇಕಾಗಿದ್ದರೆ ಅವರ ಕಡೆ ತಿರುಗಿ ನಿಂತು ಹೇಳಬೇಕಾಗಿತ್ತು. ಹದಿನಾಲ್ಕರ ನಾನು ದಿಕ್ಕು ತಪ್ಪಿ ನಿಂತಿದ್ದೆ. ಭಾಗವತರು ನನ್ನ ಮೌನವನ್ನು ಕಂಡು ಮುಂದಿನ ಪದ್ಯಕ್ಕೆ ಎತ್ತುಗಡೆ ಮಾಡಿ ಮಾನ ಕಾಪಾಡಿದರು. ಭರತನಿಗೆ ದುಃಖದಿಂದ ಗಂಟಲು ಕಟ್ಟಿತೆಂದು ಸಭೆ ತಿಳಿದುಕೊಂಡಿತು.

ಇಷ್ಟು ಹೇಳಿದರೆ ಎರಡು ಕಡೆಯಿಂದ ಆಕ್ಷೇಪ ಬರುವುದೆಂದು ಬಲ್ಲೆ. ಎಳೆಯ ಮಕ್ಕಳಿಗೆ ಸಂಶಯ ಕಲಿಸಬೇಡಿ, ಮೊದಲು ಶ್ರದ್ಧೆ ಬೆಳೆಯಲಿ ಎನ್ನುವವರು ಒಂದು ಕಡೆ. ಅವರಿಗೆ ನನ್ನ ಉತ್ತರ, ಅಟ್ಟದ ಮೇಲೆ ಓದುತ್ತಿದ್ದಾಗ ನನಗೆ ಸಂಶಯ ತಾನಾಗಿಯೇ ಬಂದಿತ್ತು ಎಂಬುದು. ಮರೆಯಿಂದ ಬಾಣ ಬಿಟ್ಟದ್ದೇಕೆ, ಬೆಂಕಿಗೆ ಹೋಗಬೇಕಾದವಳು ಅವಳೊಬ್ಬಳೇ ಏಕೆ ಎಂದು ಯಾವ ಮಗುವಿಗೂ ಅನ್ನಿಸುತ್ತದೆ. ಕುವೆಂಪುರವರಿಗೂ ಅನ್ನಿಸಿತು, "ಶ್ರೀ ರಾಮಾಯಣ ದರ್ಶನಂ"ನಲ್ಲಿ ಸೀತೆಯೊಡನೆ ರಾಮನನ್ನೂ ಅವರು ಬೆಂಕಿಗೆ ಇಳಿಸಿದರು, ಆ ಕಾವ್ಯಕ್ಕೆ ೧೯೫೫ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪಂಪನು ಸಾವಿರ ವರ್ಷದ ಹಿಂದೆಯೇ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿಕೊಂಡನು. ಕನ್ನಡದಲ್ಲಿ ಈ ಕಥೆಗಳು ಬದುಕಿದ್ದು ಪ್ರತಿಯೊಬ್ಬ ದೊಡ್ಡ ಕವಿಯೂ ಅವುಗಳೊಡನೆ ಜಗಳ ಕಾದದ್ದರಿಂದ. ಮಗುವಿನ ಸಂಶಯಕ್ಕೆ ಮನೆಯಲ್ಲಿ ಮಾತಿಲ್ಲದಿದ್ದರೆ ಅದು ಸಾಯುವುದಿಲ್ಲ. ಮೊಬೈಲಿನಲ್ಲಿ ಯಾರೋ ಅರಚುವವನ ಬಳಿಗೆ ಹೋಗುತ್ತದೆ.

ಇನ್ನೊಂದು ಕಡೆಯ ಮಿತ್ರರು, ಅದಕ್ಕೇ ಈ ಪುರಾಣಗಳೇ ಬೇಡವೆಂದು ನಾವು ಹೇಳಿದ್ದು, ಎಂದು ಹೆಗಲ ಮೇಲೆ ಕೈಯಿಡುತ್ತಾರೆ. ಆ ಕೈಯನ್ನು ಮೆಲ್ಲಗೆ ತೆಗೆಯುತ್ತೇನೆ. ನನ್ನ ತಪ್ಪನ್ನು ನನಗೆ ತೋರಿಸಿದ್ದು ಸಂವಿಧಾನದ ಪಾಠವಲ್ಲ, ಕಾನೂನಿನ ಪುಸ್ತಕವಲ್ಲ. ರಾಮನಾಗಿ ಕುಳಿತಿದ್ದ ಒಬ್ಬ ಮಾಸ್ತರರು. ಪುರಾಣ ಇಲ್ಲದಿದ್ದರೆ ಆ ಪ್ರಶ್ನೆ ನನ್ನನ್ನು ಮುಟ್ಟುತ್ತಲೇ ಇರಲಿಲ್ಲ.

ತಾಳಮದ್ದಳೆಯನ್ನು ಹೊಗಳಿದೆನೆಂದು ಅದರ ದೋಷಗಳನ್ನು ಮುಚ್ಚಿಡುವುದಿಲ್ಲ. ಎದುರಿನವನನ್ನು ಸೋಲಿಸುವುದೇ ಗುರಿಯಾಗಿ ಪ್ರಸಂಗ ಎಲ್ಲೋ, ಮಾತು ಎಲ್ಲೋ ಆಗುವುದುಂಟು. ನಾಲ್ಕು ಸಂಸ್ಕೃತ ಶ್ಲೋಕ ಎಸೆದು ಬಾಯಿ ಮುಚ್ಚಿಸುವ ಮಹನೀಯರುಂಟು. ಬಹುಕಾಲ ಹೆಂಗಸರು ಒಳಬಾಗಿಲಲ್ಲಿ ನಿಂತು ಕೇಳಬೇಕಾಗಿತ್ತು. ಸೀತೆಗೂ ದ್ರೌಪದಿಗೂ ಮೀಸೆಯ ಗಂಡಸರೇ ನ್ಯಾಯ ಕೇಳುತ್ತಿದ್ದರು. ಈಗ ಪುತ್ತೂರಿನಲ್ಲಿಯೇ ಹೆಂಗಸರು ಕೂಟ ಕಟ್ಟಿಕೊಂಡು ಅರ್ಥ ಹೇಳುತ್ತಾರೆ. ಮಹಿಳೆಯೊಬ್ಬರು ಹೇಳಿದ ದ್ರೌಪದಿಯ ಅರ್ಥವನ್ನು ಕೇಳಿದೆ. ದುಶ್ಶಾಸನನ ಅರ್ಥ ಹೇಳುತ್ತಿದ್ದವರು ನಡುನಡುವೆ ನೀರು ಕುಡಿಯುತ್ತಿದ್ದರು.

ಪರೀಕ್ಷೆ ನಡೆಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಪರೀಕ್ಷೆ ಇರಲಿ, ಪುಸ್ತಕ ಹಂಚಿರಿ. ಬೇಕಾದರೆ ಅಕ್ಷೌಹಿಣಿಗಳನ್ನೂ ಎಣಿಸಿರಿ. ಕೊನೆಯಲ್ಲಿ ಒಂದು ಖಾಲಿ ಪುಟ ಬಿಡಿ. "ಈ ಕಥೆಯಲ್ಲಿ ನಿನಗೆ ಸರಿಕಾಣದ್ದು ಯಾವುದು? ಅದನ್ನು ಮಾಡಿದವನ ಪರವಾಗಿ ವಾದಿಸು" ಎಂದು ಕೇಳಿರಿ. ಅದಕ್ಕೆ ಅಂಕ ಕೊಡಬೇಡಿ. ಬಹುಮಾನದ ದಿನ ಅತಿಥಿಗಳ ಭಾಷಣವನ್ನು ಅರ್ಧಕ್ಕೆ ಇಳಿಸಿ ಆ ಪುಟಗಳಲ್ಲಿ ಎರಡನ್ನೋ ಮೂರನ್ನೋ ಓದಿಸಿರಿ. ಅತಿಥಿಗಳಿಗೆ ಬೇಸರವಾದೀತು. ಮಕ್ಕಳಿಗೆ ಆಗದು.

ಆ ಪಾದುಕಾ ಪ್ರದಾನದ ಮರುವಾರ ಮನೆಗೆ ಹೋಗಿ ಅಪ್ಪನ ಮುಂದೆ ಮಾತೆತ್ತಿದೆ. ಅಪ್ಪ ಸಿಟ್ಟಾಗಲಿಲ್ಲ. "ಪತ್ರ ರಿಜಿಸ್ಟ್ರಿಯಾಗಿ ಎಷ್ಟು ವರ್ಷವಾಯಿತು! ನಿನ್ನ ಪಾಲು ಬರುವಾಗ ಅದರಲ್ಲಿ ಬೇಕಾದಷ್ಟು ಕೊಡು, ಯಾರು ಬೇಡವೆಂದರು?" ಎಂದು ಅಡಿಕೆ ರಾಶಿಯ ಕಡೆ ಹೋದರು. ಅಲ್ಲಿಂದ ಬೆಳ್ಳಾರೆಗೆ ಹೋದೆ. ಮಾಮಿ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅಪ್ಪ ಹೇಳಿದ್ದನ್ನೂ ನಾನು ಅಂದುಕೊಂಡದ್ದನ್ನೂ ಹೇಳಿದೆ. ಆ ದಿನ ಹೇಳಿದ್ದು ತಪ್ಪಾಯಿತು ಎಂದೆ. ಆಕೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಪಾಲು ಬರುವ ಕಾಲಕ್ಕೆ ನಾನಿರುತ್ತೇನೆಯೇ ಮಗಾ?" ಎಂದಳು. "ಇದನ್ನು ನನಗೆ ಹೇಳಿ ಏನು ಮಾಡುವುದು. ಪುತ್ತೂರಿನಲ್ಲಿ ಅವಳ ಅಂಗಡಿಯ ಎದುರಿಗೇ ಹೋಗುತ್ತೀಯಂತೆ, ಅವಳು ಹೇಳಿದಳು. ಒಂದು ದಿನ ಒಳಗೆ ಹೋಗು."

ನಾನಿನ್ನೂ ಹೋಗಿಲ್ಲ.